ಅರ ಬೇಡವೆಂದ ನಳಿಗೆ

ನನ್ನ ಅಕ್ಷರ ಕೋಳಿಕಾಲು, ಮಾತೂ ಸಾಲದು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಓದುವವರು ಮನ್ನಿಸಬೇಕು. ಸೋದರಮಾವನ ಅಂಗಡಿಯಲ್ಲಿ ಕೈಕೆಲಸಕ್ಕಿರುವ ನಾನು, ಅವನಿಗೆ ಆದದ್ದನ್ನು ಇದ್ದದ್ದು ಇದ್ದಂತೆ ಬರೆದಿದ್ದೇನೆ.

ಮಾವ ಕೋವಿ ರಿಪೇರಿಯವನು. ಕೆಲಸ ಮುಗಿಯಿತೇ ಎಂದು ಯಾರು ಕೇಳಿದರೂ ‘ಇನ್ನೊಂದು ಕೂದಲೆಳೆ ಬಾಕಿ’ ಎನ್ನುವುದರಿಂದ ಪೇಟೆಯವರು ಅವನನ್ನು ‘ಕೂದಲೆಳೆ’ ಎಂದೇ ಕರೆಯುತ್ತಾರೆ. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಹೋದ ಒಂದು ಕೋವಿಯೂ ಸಿಡಿದು ಯಾರಿಗೂ ಗಾಯ ಮಾಡಿಲ್ಲ. ಅವನಿಗಿರುವ ಆಸ್ತಿ ಅದೊಂದೇ.

ಮೊನ್ನೆ ಬೆಳಿಗ್ಗೆ ಗುರಿ ಕಲಿಸುವ ಮೇಷ್ಟ್ರು ನಡುವೆ ಮಡಚಿ ಗುಂಡು ತುಂಬುವ ತಮ್ಮ ರೈಫಲ್ ತಂದರು. ಅದರ ನಳಿಗೆ ತುಕ್ಕು ತಿಂದಿತ್ತು. ಬದಲಿಗೆ ಗುಜರಿಯಲ್ಲಿ ಕೊಂಡ ಇನ್ನೊಂದು ನಳಿಗೆ ಬಟ್ಟೆಯೊಳಗಿತ್ತು. ಹೊಸದಾಗಿ ಬಳಿದ ಕಪ್ಪು ಮಿರಮಿರ ಮಿಂಚುತ್ತಿತ್ತು.

“ನಾಳೆ ಮಗಳ ಸ್ಪರ್ಧೆ ಕಣಯ್ಯಾ. ಸಂಜೆಯೊಳಗೆ ಕೂರಿಸಿಬಿಡು.”

“ಬೇರೆ ಮನೆ ನಳಿಗೆ ಅಂದ್ರೆ ಹೊಸ ಸೊಸೆ ಇದ್ದ ಹಾಗೆ ಮೇಷ್ಟ್ರೇ, ಹೊಂದ್ಕೊಳ್ಳೋಕೆ ಹೊತ್ತು ಬೇಕು” ಎಂದು ಮಾವ ನಕ್ಕ.

ಒಂದು ರೈಫಲ್ಲಿನ ನಳಿಗೆ ಇನ್ನೊಂದಕ್ಕೆ ಅರ ಉಜ್ಜದೆ ಕೂರುವುದಿಲ್ಲ. ಎಲ್ಲಿ ತಾಗುತ್ತದೆ ಎಂದು ತಿಳಿಯಲು ಮಾವ ನಳಿಗೆಯ ಹಿಂಬದಿಗೆ ಮೇಣದಬತ್ತಿಯ ಮಸಿ ಹಿಡಿಸಿ, ರೈಫಲ್ಲಿಗೆ ಸಿಕ್ಕಿಸಿ ಮುಚ್ಚಿದ. ಟಕ್ಕೆಂದು ಮುಚ್ಚಿಕೊಂಡಿತು. ತೆರೆದು ನೋಡಿದರೆ ಮಸಿ ಸುತ್ತಲೂ ಒಂದೇ ಸಮ ಅಂಟಿತ್ತು, ಅರ ಉಜ್ಜಬೇಕಾದ ಜಾಗವೇ ಇರಲಿಲ್ಲ.

“ಏನಯ್ಯಾ, ಇವತ್ತು ಕೂದಲೆಳೆ ಬಾಕಿ ಇಲ್ವಾ?”

ಮಾವ ಅರ ಕೆಳಗಿಟ್ಟ. ನಳಿಗೆಯನ್ನು ಬಿಡಿಸಿ, ರೈಫಲ್ಲಿಗೆ ಸಿಕ್ಕಿಕೊಳ್ಳುವ ಅಡಿಯ ಕೊಕ್ಕೆಯನ್ನು ಬೆಳಕಿಗೆ ಹಿಡಿದ. ಅಲ್ಲಿ ಮೂರು ಸಣ್ಣ ಗೀರು, ಅವನದೇ ಗುರುತು. ಹನ್ನೆರಡು ವರ್ಷದ ಹಿಂದೆ ಬಿರುಕು ಬಿಟ್ಟಿದೆಯೆಂದು ಇದೇ ರೈಫಲ್ಲಿನಿಂದ ಅವನೇ ಕಳಚಿದ ನಳಿಗೆ. ಅದರ ಜಾಗದಲ್ಲಿ ಕೂರಿಸಿದ್ದೇ ಈಗ ತುಕ್ಕು ತಿಂದದ್ದು. ಯಾರೂ ಮತ್ತೆ ಬಳಸದಂತೆ ಅಂದೇ ಎರಡು ತುಂಡು ಮಾಡಬೇಕಿತ್ತು. ನಾಳೆ ಮಾಡಿದರಾಯಿತೆಂದು ಬಿಟ್ಟು, ಇಡಿಯಾಗಿಯೇ ಗುಜರಿಗೆ ಹಾಕಿದ್ದ.

ಮಾವ ನಳಿಗೆಯ ಹಿಂಬದಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದ. ಬಿಳಿಯ ಮೇಲೆ ಬಿರುಕಿನ ಒದ್ದೆ ಗೆರೆಯೊಂದು ನಿಧಾನವಾಗಿ ಮೂಡಿತು. ಗುರಿ ಹಿಡಿದಾಗ ಮೇಷ್ಟ್ರ ಮಗಳ ಕೆನ್ನೆ ಇರುವುದು ಅಲ್ಲಿಂದ ಗೇಣು ದೂರದಲ್ಲಿ.

“ಇದು ನಾನೇ ಬಿಸಾಕಿದ್ದು ಮೇಷ್ಟ್ರೇ. ತಪ್ಪು ನಂದು.”

ಮೇಷ್ಟ್ರು ಗರಬಡಿದವರಂತೆ ಸ್ಟೂಲಿನ ಮೇಲೆ ಕೂತರು. “ನಾಳೆ ಅವಳು...” ಎಂದರು.

ಮಾವ ನಳಿಗೆಯನ್ನು ವೈಸ್ ಇಕ್ಕಳಕ್ಕೆ ಕಚ್ಚಿಸಿ ಗರಗಸ ಎಳೆದ. ತುಂಡು ನೆಲಕ್ಕೆ ಬಿದ್ದ ಮೇಲೆ ಮೇಷ್ಟ್ರು ಎದ್ದು, “ಬೇರೆಯವರ ರೈಫಲ್ ಕೇಳ್ತೀನಿ” ಎಂದು ಹೋದರು. ಮಾವ ಊಟಕ್ಕೆ ಏಳಲಿಲ್ಲ. “ಹೀಗೆ ಇಡಿಯಾಗಿ ಗುಜರಿಗೆ ಇನ್ನೆಷ್ಟು ಹಾಕಿದ್ದೀನೋ” ಎಂದಷ್ಟೇ ಅಂದ.

ಅಂಗಡಿಯ ಮೂಲೆಯಲ್ಲಿ ಕೆಟ್ಟವೆಂದು ಕಳಚಿಟ್ಟ ನಳಿಗೆ ಇನ್ನೂ ನಾಲ್ಕಿವೆ. ನಾಳೆ ಬೆಳಿಗ್ಗೆ ಅವನ್ನು ನಾನೇ ಕತ್ತರಿಸುತ್ತೇನೆ.