ಜಪಾನಿ ಕತ್ತಿಯ ಬಿದಿರು ಬೆಣೆ

1954ರಲ್ಲಿ ನಾನು ಬೆಳಗಾವಿಯ ಪೊಲೀಸ್ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿದ್ದೆ. ಠಾಣೆಗಳ ಬಂದೂಕುಗಳನ್ನು ದುರಸ್ತಿ ಮಾಡುವುದು, ಖಟ್ಲೆಗಳಲ್ಲಿ ಜಪ್ತಾದ ಆಯುಧಗಳನ್ನು ಪರೀಕ್ಷಿಸಿ ಅಭಿಪ್ರಾಯ ಬರೆದುಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಸೈನ್ಯದಲ್ಲಿದ್ದೆ. ಯುದ್ಧ ಮುಗಿದ ವರ್ಷ ರಂಗೂನಿನ ಗೋದಾಮೊಂದರಲ್ಲಿ, ಶರಣಾದ ಜಪಾನಿ ಅಧಿಕಾರಿಗಳು ಒಪ್ಪಿಸಿದ ಕತ್ತಿಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕೈದಿಯಾಗಿದ್ದ ಒಬ್ಬ ಜಪಾನಿ ಕ್ಯಾಪ್ಟನ್ ಅವುಗಳನ್ನು ಬಿಚ್ಚುವುದು, ಒರೆಸುವುದು, ಹಳೆಯದು ಯಾವುದು ಕಾರ್ಖಾನೆಯದು ಯಾವುದು ಎಂದು ಗುರುತಿಸುವುದು, ಎಲ್ಲವನ್ನೂ ಕಲಿಸಿದ. ಊರಿಗೆ ಬಂದ ಮೇಲೆ ಈ ವಿದ್ಯೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿ ಗುರುಪಾದಪ್ಪ ನನ್ನನ್ನು ಹುಡುಕಿಕೊಂಡು ಬಂದರು. ನಲವತ್ತರ ಆಸುಪಾಸಿನ ಉತ್ಸಾಹಿ. ಕೊಲ್ಹಾಪುರದ ಯಾರದೋ ವಾಡೆಯ ಗೋಡೆಯ ಮೇಲೆ ಹಳೆಯ ಆಯುಧಗಳನ್ನು ನೋಡಿ ಬಂದ ಮೇಲೆ ಅವರಿಗೂ ಅದೇ ಹುಚ್ಚು ಹಿಡಿದಿತ್ತು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಯಲ್ಲಪ್ಪ ಎಂಬ ನಿವೃತ್ತ ಸುಬೇದಾರರ ಬಳಿ ಬರ್ಮಾದಿಂದ ತಂದ ಜಪಾನಿ ಕತ್ತಿಯೊಂದಿದೆ, ಬಾವಿಗೆ ಆಯಿಲ್ ಇಂಜಿನ್ ಕೂಡಿಸಲು ಅದನ್ನು ಮಾರುತ್ತಾರಂತೆ, ಕೇಳುವ ಬೆಲೆ ದೊಡ್ಡದು ಎಂದರು. ಲೈಸನ್ಸಿನ ವಿಷಯ ತಿಳಿದುಕೊಂಡ ಮೇಲೆ, ಕೊಳ್ಳುವಾಗ ಏನೇನು ನೋಡಬೇಕೆಂದು ಕೇಳಿದರು.

ನನಗೆ ತಿಳಿದಷ್ಟು ಹೇಳಿದೆ. ಕತ್ತಿಯ ಜೊತೆ ಬರುವ ಕಥೆಗೆ ದುಡ್ಡು ಕೊಡಬೇಡಿ, ಅಲಗಿಗೆ ಕೊಡಿ. ಯುದ್ಧಕಾಲದಲ್ಲಿ ಕಾರ್ಖಾನೆಗಳಲ್ಲಿ ಸಾವಿರಗಟ್ಟಲೆ ಕತ್ತಿಗಳು ತಯಾರಾದವು, ಹೊರಗಿನ ಅಲಂಕಾರ ನೋಡಿದರೆ ಎಲ್ಲವೂ ಒಂದೇ. ಅಲಗನ್ನು ದೀಪದ ಎದುರು ಓರೆಯಾಗಿ ಹಿಡಿದರೆ ಅಂಚಿನುದ್ದಕ್ಕೂ ಮಂಜಿನಂಥ ಬಿಳಿ ಗೆರೆ ಕಾಣಬೇಕು. ಹದ ಕೊಟ್ಟಾಗ ಉಕ್ಕಿನೊಳಗೇ ಮೂಡಿದ ಗೆರೆ ಅದು. ಆಸಿಡ್ ಬಳಿದು ಮಾಡಿದ ಗೆರೆ ಮೇಲ್ಮೈಯಲ್ಲಷ್ಟೇ ಇರುತ್ತದೆ. ಬೆರಳಿಂದ ಅಲಗನ್ನು ಮುಟ್ಟಬೇಡಿ, ಸಾಣೆಗಂತೂ ಕೊಡಲೇಬೇಡಿ. ಎಲ್ಲಕ್ಕಿಂತ ಮುಖ್ಯ, ಹಿಡಿಕೆಯನ್ನು ಬಿಚ್ಚಿಸಿ ನೋಡಿ. ಅಲಗಿನ ಬುಡ ಹಿಡಿಕೆಯೊಳಗೆ ಉದ್ದಕ್ಕೆ ಸೇರಿಕೊಂಡಿರುತ್ತದೆ. ಅದನ್ನು ಟ್ಯಾಂಗ್ ಎನ್ನುತ್ತಾರೆ. ಕಮ್ಮಾರನ ಸಹಿ ಇದ್ದರೆ ಅಲ್ಲೇ. ಅದರ ಮೇಲಿನ ಕಪ್ಪು ತುಕ್ಕೇ ವಯಸ್ಸಿನ ಗುರುತು. ಅದನ್ನು ಯಾರಾದರೂ ಉಜ್ಜಿ ಹೊಳಪು ಮಾಡಿದ್ದರೆ ಕತ್ತಿಯನ್ನು ಅಲ್ಲೇ ಬಿಟ್ಟು ಬನ್ನಿ.

ಇಷ್ಟೊಂದು ಬೆಲೆಬಾಳುವ ಈ ಆಯುಧದಲ್ಲಿ ಅಲಗನ್ನೂ ಹಿಡಿಕೆಯನ್ನೂ ಹಿಡಿದಿಡುವುದು ಕಿರುಬೆರಳಿಗಿಂತ ಚಿಕ್ಕದಾದ ಒಂದೇ ಒಂದು ಬಿದಿರಿನ ಬೆಣೆ. ಅದು ಗಟ್ಟಿಯಾಗಿದೆಯೋ ಇಲ್ಲವೋ ನೋಡಿ, ಗಟ್ಟಿಯಾಗಿದ್ದರೂ ಕತ್ತಿಯನ್ನು ಬೀಸಬೇಡಿ ಎಂದೂ ಹೇಳಿದ್ದೆ. ಗುರುಪಾದಪ್ಪ ತಲೆಯಾಡಿಸಿ ಹೋದರು.

ಮುಂದಿನ ವಾರವೇ ಗೋಕಾಕ ಠಾಣೆಯಿಂದ ಒಂದು ಕತ್ತಿ ಪರೀಕ್ಷೆಗೆ ಬಂತು. ಜೊತೆಗಿದ್ದ ಪಂಚನಾಮೆಯಲ್ಲಿ ಆರೋಪಿಯ ಹೆಸರು ಗುರುಪಾದಪ್ಪ ಎಂದಿತ್ತು. ಸತ್ತವನು ಅರ್ಜುನ, ಸುಬೇದಾರರ ಒಬ್ಬನೇ ಮಗ, ಇಪ್ಪತ್ತೆರಡು ವರ್ಷದವನು. ತೊಡೆಯ ರಕ್ತನಾಳ ಕತ್ತರಿಸಿಹೋಗಿ, ಗೋಕಾಕದ ದವಾಖಾನೆಗೆ ಸಾಗಿಸುವಾಗ ಗಾಡಿಯಲ್ಲೇ ಪ್ರಾಣ ಹೋಗಿತ್ತು.

ಸುಬೇದಾರರ ಹೇಳಿಕೆ ನೇರವಾಗಿತ್ತು. ಬೆಲೆಯ ಮಾತು ಬಿಸಿಯಾಯಿತು, ಇದು ಕಾರ್ಖಾನೆಯ ಮಾಲು ಎಂದು ವ್ಯಾಪಾರಿ ಹೀಯಾಳಿಸಿದ, ಮಗ ಎದುರು ಮಾತಾಡಿದ, ವ್ಯಾಪಾರಿ ಸಿಟ್ಟಿನಿಂದ ಕತ್ತಿ ಬೀಸಿದ. ನೆರೆಯವರು ಜಗಳದ ದನಿ ಕೇಳಿದ್ದರು, ಓಡಿ ಬಂದಾಗ ನೆತ್ತರಿನ ಮಡುವಿನಲ್ಲಿ ಬಿದ್ದ ಹುಡುಗನನ್ನೂ ಪಕ್ಕದಲ್ಲಿ ನಿಂತ ಗುರುಪಾದಪ್ಪನನ್ನೂ ಕಂಡಿದ್ದರು. ಎಲ್ಲರೂ ಹುಡುಗನನ್ನು ಗಾಡಿಗೆ ಹತ್ತಿಸುವ ಗದ್ದಲದಲ್ಲಿದ್ದರು. ಕತ್ತಿಯ ಕಡೆ ಯಾರೂ ನೋಡಿರಲಿಲ್ಲ. ಸುಬೇದಾರರು ಮಾತ್ರ ಗಾಡಿಯ ಜೊತೆ ಹೋಗದೆ ಮನೆಯಲ್ಲೇ ಉಳಿದರು ಎಂದು ಒಬ್ಬ ನೆರೆಯವನು ಹೇಳಿದ್ದ. ದುಃಖದಲ್ಲಿ ಕಾಲು ಬಿದ್ದುಹೋಗಿರಬೇಕೆಂದು ಎಲ್ಲರೂ ತಿಳಿದಿದ್ದರು.

ಗುರುಪಾದಪ್ಪನದು ಒಂದೇ ಹಟ. ಹಗುರವಾಗಿ ಒಮ್ಮೆ ಬೀಸಿ ನೋಡಿದೆ, ಅಲಗು ಹಿಡಿಕೆಯಿಂದ ಕಳಚಿ ಹಾರಿಹೋಯಿತು ಎಂದು. ಯಾರೂ ನಂಬಲಿಲ್ಲ, ಏಕೆಂದರೆ ಪೊಲೀಸರು ಜಪ್ತಿ ಮಾಡಿದ್ದು ಇಡೀ ಕತ್ತಿಯನ್ನು. ಹಿಡಿಕೆ ಗಟ್ಟಿಯಾಗಿ ಕೂತಿತ್ತು, ಬೆಣೆ ಸರಿಯಾಗಿತ್ತು. ಗೋಕಾಕ ಠಾಣೆಯ ಫೌಜದಾರರು ಖೂನಿ ಎಂದೇ ಗುನ್ಹೆ ದಾಖಲಿಸಿದ್ದರು. ನಾನು ಕಸ್ಟಡಿಯಲ್ಲಿ ಗುರುಪಾದಪ್ಪನನ್ನು ಕಂಡಾಗ ಗುರುತೇ ಸಿಗಲಿಲ್ಲ, ಮುಖ ಅಷ್ಟು ಇಳಿದಿತ್ತು.

"ನೀವು ಹೇಳಿದ್ದು ನೆನಪಿತ್ರಿ ಸಾಹೇಬ್ರ. ಬೆಣಿ ನೋಡೇನಿ, ಛಲೋ ಕಾಣ್ತು. ಅದಕ್ಕs ಬೀಸಿದ್ನಿ," ಎಂದರು.

ಶಸ್ತ್ರಾಗಾರಕ್ಕೆ ಮರಳಿ ಕತ್ತಿಯನ್ನು ಮೇಜಿನ ಮೇಲಿಟ್ಟುಕೊಂಡೆ. ಮೊದಲು ಬೆಣೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಹೊರಗೆ ತೆಗೆದೆ. ಹಸಿ ಬಿದಿರು. ಚಾಕುವಿನಿಂದ ಹೊಸದಾಗಿ ಕೆತ್ತಿದ ಗುರುತುಗಳಿದ್ದವು. ವರ್ಷಗಟ್ಟಲೆ ಹಿಡಿಕೆಯಲ್ಲಿದ್ದ ಬೆಣೆಯ ಮೈಯಲ್ಲಿ ಉಕ್ಕು ಒತ್ತಿದ ಕಲೆ ಇರಲೇಬೇಕು. ಇದರಲ್ಲಿರಲಿಲ್ಲ. ಬೆಣೆಯ ತೂತಿನ ಒಳಗೋಡೆಗೆ ಜೋಳದ ದಂಟಿನ ನಾರು ಅಂಟಿಕೊಂಡಿತ್ತು. ಆಮೇಲೆ ಕ್ಯಾಪ್ಟನ್ ಕಲಿಸಿದಂತೆ ಹಿಡಿಕೆಯನ್ನು ನೆಟ್ಟಗೆ ಹಿಡಿದು, ಹಿಡಿದ ಕೈಯ ಮಣಿಕಟ್ಟಿಗೆ ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದುತ್ತ ಅಲಗನ್ನು ಸಡಿಲಿಸಿದೆ. ಟ್ಯಾಂಗ್ ಹೊರಗೆ ಬಂತು.

ಅದರ ತುದಿಯವರೆಗೂ ನೆತ್ತರು ಒಣಗಿ ಕರಿಗಟ್ಟಿತ್ತು. ನೆತ್ತರಿನ ಜೊತೆ ಸಗಣಿ ಸಾರಿಸಿದ ಅಂಗಳದ ಮಣ್ಣೂ ಇತ್ತು. ಹಿಡಿಕೆ ಕೂತಿದ್ದಾಗ ಹೊಡೆದಿದ್ದರೆ ಅಂಗಳದ ಮಣ್ಣು ಆ ಜಾಗಕ್ಕೆ ಹೋಗುವಂತೆಯೇ ಇಲ್ಲ. ಅಲಗು ಬರಿದಾಗಿ ನೆಲಕ್ಕೆ ಬಿದ್ದಿತ್ತು. ಆಮೇಲೆ ಯಾರೋ ಅದನ್ನೆತ್ತಿ ಹಿಡಿಕೆಗೆ ಸೇರಿಸಿ, ಹೊಸ ಬೆಣೆ ಬಡಿದಿದ್ದರು.

ಫೌಜದಾರರು ನನ್ನನ್ನೂ ಕರೆದುಕೊಂಡು ಮಮದಾಪುರಕ್ಕೆ ಹೊರಟರು. ಸುಬೇದಾರರು ಕಟ್ಟೆಯ ಮೇಲೆ ಕೂತಿದ್ದರು. ನಮ್ಮನ್ನು ನೋಡಿ ಎದ್ದು ಸೆಟೆದು ನಿಂತರು, ಸೈನ್ಯದ ರೂಢಿ. ಮೂಲೆಯಲ್ಲಿ ಇಂಜಿನ್ ಕೂಡಿಸಲೆಂದು ತರಿಸಿದ ಕಲ್ಲುಗಳು ಬಿದ್ದಿದ್ದವು. ಫೌಜದಾರರು ಗದರಿಸಲಿಲ್ಲ. ನಾನು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಕೇಳಿ ಮುಗಿಸಿ ಸುಬೇದಾರರು ನನ್ನ ಕಡೆ ತಿರುಗಿದರು. ನಾನೂ ಸೈನ್ಯದಲ್ಲಿದ್ದವನೆಂದು ಯಾರೋ ಅವರಿಗೆ ಹೇಳಿರಬೇಕು.

"ಒರಸೂ ಮುಂದ ಹಳೀ ಬೆಣಿ ಮುರದಿತ್ರಿ. ಮುರದದ್ದು ನೋಡಿದ್ರ ಗಿರಾಕಿ ಬ್ಯಾಡಂತಾನ ಅಂತ ಜ್ವಾಳದ ದಂಟು ಕೆತ್ತಿ, ಹಳೇದ ಕಾಣ್ಲಿ ಅಂತ ಚಾದಾಗ ಅದ್ದಿ ಹಾಕಿದ್ನಿ. ನೋಡಿ ಒಯ್ತಾನ ಅಂದ್ಕೊಂಡಿದ್ನಿ. ಬೀಸ್ತಾನಂತ ತಿಳೀಲಿಲ್ರಿ."

ಹಾಗಾದರೆ ಬಿದಿರಿನ ಬೆಣೆ ಬಡಿದು ಆ ಮನುಷ್ಯನನ್ನು ಫಾಸಿಗೆ ಕಳಿಸಲು ಹೊರಟಿದ್ದಿರೇಕೆ ಎಂದು ಫೌಜದಾರರು ಕೇಳಿದರು. ಸುಬೇದಾರರು ಒಳಬಾಗಿಲಿನತ್ತ ನೋಡಿ ದನಿ ತಗ್ಗಿಸಿದರು.

"ಅರ್ಜುನನ ಅವ್ವಗ ಏನಂತ ಹೇಳ್ಲಿರಿ? ಆ ಯಾಪಾರಿ ಕೊಂದಾ ಅಂದ್ರ ಆಕಿ ಅವನ್ನ ಬೈಕೋಂತರ ಬದಕತಾಳ. ನಾನs ಅಂದ್ರ, ಮನ್ಯಾಗ ಯಾರ ಮಾರಿ ನೋಡ್ಕೊಂಡ ಬದಕಬೇಕ್ರಿ ಆಕಿ?"

ಅವರ ಹೆಂಡತಿ ಸತ್ಯವ್ವ ಬಾಗಿಲ ಹಿಂದೆಯೇ ಇದ್ದರು. ಹೊರಗೆ ಬಂದು ಗಂಡನ ಎದುರು ನಿಂತರು. ಅಳಲಿಲ್ಲ, ದನಿ ಏರಿಸಲಿಲ್ಲ.

"ನನ್ನ ಕುಡಗೋಲಿನ ಹಿಡಿಕಿ ಜರಾ ಸಡ್ಲಾದ್ರ ನನಗ ಹೊಲಕ್ಕ ಹೋಗಾಕ ಬಿಡ್ತಿದ್ದಿಲ್ಲ ನೀವು," ಎಂದರು. ತಿರುಗಿ ಒಳಗೆ ಹೋದರು. ಸೆಟೆದು ನಿಂತಿದ್ದ ಸುಬೇದಾರರು ಕಟ್ಟೆಯ ಮೇಲೆ ಕೂತದ್ದು ಆಗ.

ಅವರು ಕೋರ್ಟಿನಲ್ಲೂ ಇದನ್ನೇ ಹೇಳಿದರು, ಒಂದು ಮಾತೂ ಹಿಂದೆಗೆದುಕೊಳ್ಳಲಿಲ್ಲ. ಟ್ಯಾಂಗಿನಿಂದ ಕೆರೆದು ಪರೀಕ್ಷೆಗೆಂದು ಮುಂಬಯಿಗೆ ಕಳಿಸಿದ್ದ ಮಾದರಿಯಲ್ಲಿರುವುದು ಮನುಷ್ಯನ ರಕ್ತವೇ ಎಂದು ವರದಿ ಬಂತು. ಖೂನಿಯ ಆರೋಪ ಬಿದ್ದುಹೋಯಿತು. ಜನರಿದ್ದಲ್ಲಿ ಅಲಕ್ಷ್ಯದಿಂದ ಆಯುಧ ಬೀಸಿದ್ದಕ್ಕೆ ಗುರುಪಾದಪ್ಪನಿಗೆ ಕೆಲವು ತಿಂಗಳ ಸಜೆಯಾಯಿತು. ಅವರ ಹುಕ್ಕೇರಿಯ ವಕೀಲರು ಅಪೀಲು ಹಾಕೋಣವೆಂದರೂ ಒಪ್ಪದೆ ಶಿಕ್ಷೆ ಅನುಭವಿಸಿದರು. ಸತ್ಯವ್ವ ಖಟ್ಲೆ ಮುಗಿಯುವ ಮುಂಚೆಯೇ ಮೂಡಲಗಿಯ ತವರಿಗೆ ಹೋಗಿದ್ದರು. ತಿರುಗಿ ಬರಲಿಲ್ಲವೆಂದು ಆಮೇಲೆ ಫೌಜದಾರರಿಂದ ತಿಳಿಯಿತು. ಸುಬೇದಾರರು ಹೊಲವನ್ನು ಪಾಲಿಗೆ ಕೊಟ್ಟು ಒಬ್ಬರೇ ಇದ್ದರು.

ಕತ್ತಿ ತಮಗೆ ಬೇಕೆಂದು ಯಾರೂ ಅರ್ಜಿ ಕೊಡಲಿಲ್ಲ. ಕೋರ್ಟು ಅದನ್ನು ನಾಶಪಡಿಸಲು ಹುಕುಂ ಮಾಡಿತು. ಆ ಕೆಲಸವೂ ನನ್ನ ಪಾಲಿಗೇ ಬಂತು. ನೆತ್ತರು ತೊಳೆದ ಮೇಲೆ ಟ್ಯಾಂಗಿನ ಮೇಲೆ ಸಹಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಾರ್ಖಾನೆಯ ಮಾಲಲ್ಲ, ಮುನ್ನೂರು ವರ್ಷಕ್ಕೆ ಕಡಿಮೆಯಿಲ್ಲದ, ಒಳ್ಳೆಯ ಕಮ್ಮಾರನ ಕೆಲಸ. ಸುಬೇದಾರರು ಕೇಳಿದ ಬೆಲೆ ಹೆಚ್ಚೇನೂ ಆಗಿರಲಿಲ್ಲ. ಬೆಣೆ ಮುರಿದಿದೆ ಎಂದು ಬಾಯಿಬಿಟ್ಟು ಹೇಳಿದ್ದರೆ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ. ಅಂಥ ಕತ್ತಿಗಳಿಗೆ ಬೆಣೆ ಬದಲಿಸುವುದು ಲಾಟೀನಿಗೆ ಬತ್ತಿ ಬದಲಿಸಿದ ಹಾಗೆ. ಅದು ಸುಬೇದಾರರಿಗೆ ಗೊತ್ತಿರಲಿಲ್ಲ, ಗುರುಪಾದಪ್ಪನಿಗೂ ಗೊತ್ತಿರಲಿಲ್ಲ.

ಗರಗಸ ಅಲಗಿನ ಮೇಲೆ ಜಾರಿತು. ಕೊನೆಗೆ ಕುಲುಮೆಯಲ್ಲಿಟ್ಟು ಕಾಯಿಸಿದೆವು. ಕೆಂಪಗಾದ ಅಲಗನ್ನು ಹೊರಗೆ ತೆಗೆದು ಆರಿಸಿದಾಗ ಆ ಮಂಜಿನ ಗೆರೆ ಅಳಿದುಹೋಗಿತ್ತು. ಆಮೇಲೆ ಅದನ್ನು ಕತ್ತರಿಸುವುದು ಸುಲಭವಾಯಿತು.

ನಿವೃತ್ತಿಯ ನಂತರವೂ ಹಳೆಯ ಕತ್ತಿ ಕೊಳ್ಳುವವರು ಆಗೀಗ ನನ್ನಲ್ಲಿಗೆ ಬರುತ್ತಾರೆ. ಗೆರೆ, ತುಕ್ಕು, ಸಹಿ ಎಲ್ಲವನ್ನೂ ಈಗಲೂ ಹೇಳಿಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಹೇಳುವ ಮಾತು ಬೇರೆ. ಮಾರುವವರ ಮನೆಗೆ ಹೋದ ಕೂಡಲೇ ಕತ್ತಿಯನ್ನು ಕೈಗೆ ತೆಗೆದುಕೊಳ್ಳಬೇಡಿ, ಹಳಿಯಲೂ ಬೇಡಿ. ಅವರ ಪಕ್ಕದಲ್ಲಿ ಕುಳಿತು, ಇದರಲ್ಲಿ ಏನು ಕೆಟ್ಟಿದೆ ಎಂದು ಕೇಳಿ. ಏನು ಹೇಳಿದರೂ ನೀವು ಎದ್ದುಹೋಗುವುದಿಲ್ಲ ಎಂಬ ನಂಬಿಕೆ ಅವರಿಗೆ ಬರುವ ಹಾಗೆ ಕೇಳಿ. ಅವರು ಬಾಯಿ ಬಿಡುವತನಕ ಕಾಯಿರಿ.