ಟೀಚರ್ ಹಾಕಿಸಿದ ಮದರಂಗಿ

ಟೀಚರ ಬಲಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು. ನಾಟ್ಯದ ಪತಾಕ ಹಸ್ತ ಹಿಡಿದರೆ ಉಳಿದ ಮೂರು ಬೆರಳುಗಳು ನೆಟ್ಟಗೆ ನಿಲ್ಲುತ್ತಿದ್ದವು, ಅದೊಂದು ಮಾತ್ರ ತಲೆ ತಗ್ಗಿಸುತ್ತಿತ್ತು. ಹೊಸದಾಗಿ ಸೇರಿದ ಮಕ್ಕಳು ಅದೂ ಪಾಠವೆಂದೇ ನಂಬಿ ತಮ್ಮ ಕಿರುಬೆರಳನ್ನೂ ಬಗ್ಗಿಸುತ್ತಿದ್ದರು. ನಾನೂ ಬಗ್ಗಿಸಿದವಳೇ. "ಅದು ಬಸ್ಸಿನ ಬಾಗಿಲಿಗೆ ಸಿಕ್ಕಿದ ಬೆರಳು ಮಾರಾಯ್ತಿ, ಶಾಸ್ತ್ರದಲ್ಲಿ ಇಲ್ಲ," ಎಂದು ನನ್ನ ಬೆರಳನ್ನು ಹಿಡಿದು ಸರಿಮಾಡಿದ್ದರು.

ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಅವರ ಭರತನಾಟ್ಯದ ಕ್ಲಾಸು. ಕೆಳಗಿನ ಬಸ್ಸುಗಳ ಹಾರ್ನಿಗೂ ಅವರ ತಾಳದ ಕೋಲಿಗೂ ನಿತ್ಯ ಜಗಳ, ಗೆಲ್ಲುತ್ತಿದ್ದದ್ದು ಕೋಲೇ. ತಾಳ ತಪ್ಪಿದರೆ ಬೈಯುತ್ತಿದ್ದರು. ಹಸಿದು ಬಂದರೆ ಇನ್ನೂ ಜೋರಾಗಿ ಬೈದು ಬನ್ಸ್ ತರಿಸುತ್ತಿದ್ದರು. ಅವರದೊಂದು ವಿಚಿತ್ರ ಕಟ್ಟಳೆ ಇತ್ತು: ವಾರ್ಷಿಕೋತ್ಸವಕ್ಕೆ ಯಾವ ತಾಯಿಯೂ ತನ್ನ ಮಗಳನ್ನು ತಾನೇ ಸಿಂಗರಿಸುವಂತಿಲ್ಲ, ಇನ್ನೊಬ್ಬರ ಮಗಳನ್ನು ಸಿಂಗರಿಸಬೇಕು. "ಸ್ವಂತ ಮಗಳು ಎದುರು ಕೂತ್ರೆ ಬೇರೆ ಮಕ್ಕಳು ನಿಮ್ಮ ಕಣ್ಣಿಗೇ ಬೀಳುವುದಿಲ್ಲ," ಎನ್ನುತ್ತಿದ್ದರು. ಯಾರಿಗೆ ಯಾರು ಎಂದು ಹೇಳುವವರೂ ಅವರೇ. ಅಲ್ಲಿ ಯಾರ ತಕರಾರೂ ನಡೆಯುತ್ತಿರಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದಾಗ ನನ್ನ ಪಾಲಿಗೆ ಬಂದವರು ನನ್ನ ಜೊತೆ ಕುಣಿಯುತ್ತಿದ್ದ ಸಮೀರಾಳ ತಾಯಿ, ಅವಳ ಬಾಯಲ್ಲಿ ಉಮ್ಮ. ಸಮೀರಾ ನನ್ನ ಅಮ್ಮನ ಪಾಲಿಗೆ. ಅಮ್ಮ ಬೆಳಗ್ಗೆ ಬೋಳಾರದಿಂದ ಬಂದರಿನ ದಕ್ಕೆಗೆ ಹೋಗಿ ಮೀನು ಕೊಂಡು ಮಾರುವವರು. ಕ್ಲಾಸಿಗೆ ಬಂದರೆ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದರು. ಉಮ್ಮ ಅಷ್ಟೂ ಇಲ್ಲ, ಮೇಲೆ ಬರುತ್ತಲೇ ಇರಲಿಲ್ಲ. ಮಗಳಿಗೆ ನಾಟ್ಯ ಕಲಿಸುತ್ತಾರೆಂದು ನೆಂಟರಿಂದ ಮಾತು ಕೇಳಿದ್ದು ಒಂದು ಕಡೆ. ದೀಪ, ಪೂಜೆ ಇರುವಲ್ಲಿ ತಾನು ಹೋದರೆ ಇವರಿಗೆ ಏನನಿಸುತ್ತದೋ ಎಂಬ ಅಂಜಿಕೆ ಇನ್ನೊಂದು ಕಡೆ. ಬುರ್ಖಾ ಸರಿಪಡಿಸಿಕೊಳ್ಳುತ್ತಾ ಮೆಟ್ಟಿಲ ಬುಡದಲ್ಲೇ ಕಾಯುತ್ತಿದ್ದರು.

ಆ ವರ್ಷ ಟೀಚರ ಗುರುಗಳು ನೋಡಲು ಬರುವವರಿದ್ದರು. ಅವರದು ಕಟ್ಟುನಿಟ್ಟಿನ ಸಂಪ್ರದಾಯ. ನಾಟ್ಯಕ್ಕೆ ಅಲ್ತಾದ ಕೆಂಪು ಬಣ್ಣ ಹಚ್ಚುವುದು ಅಂಗೈಗೆ ಒಂದು ದುಂಡು ಬೊಟ್ಟು, ಬೆರಳ ತುದಿಗೆ ಒಂದಿಷ್ಟು. ಕೊನೆಯ ಸಾಲಿಗೂ ಮುದ್ರೆ ಕಾಣಬೇಕು. ಹಿಂದಿನ ದಿನದ ಅಭ್ಯಾಸಕ್ಕೆ ಉಮ್ಮ ಮೊದಲ ಬಾರಿ ಮೆಟ್ಟಿಲು ಹತ್ತಿ ಬಂದರು, ನನ್ನನ್ನು ಮುಂದಿಟ್ಟುಕೊಂಡು. ನನ್ನ ಕೈಗಳಲ್ಲಿ ಮೊಣಕೈವರೆಗೆ ಮದುಮಗಳ ಮದರಂಗಿ!

"ಇದೆಂತ, ನಾಳೆ ನಿಕಾಹ್ ಉಂಟಾ?" ಎಂದು ತಾಯಂದಿರಲ್ಲಿ ಒಬ್ಬರು ನಕ್ಕರು.

ಉಮ್ಮನ ಮುಖ ಬಾಡಿತು. "ಅಲ್ತಾ ಬೆವರಿಗೆ ಇಳೀತದಲ್ಲ ಟೀಚರ್. ಬೇರೆಯವರ ಮಗು, ನಾನು ಮಾಡಿದ್ದು ಕಡಿಮೆ ಆಗ್ಬಾರ್ದು ಅಂತ..." ಮಾತು ಮುಗಿಸದೆ ಮಗಳ ಕೈ ಹಿಡಿದರು. "ಬಾ ಸಮೀರಾ, ಹೋಗುವ."

ಇಳಿದರೆ ಅವರು ಮತ್ತೆ ಹತ್ತುವವರಲ್ಲ, ಸಮೀರಾಳೂ ಬರುವುದಿಲ್ಲ ಎಂದು ನನಗೂ ಗೊತ್ತಾಯಿತು. ಟೀಚರ್ ಮಾತ್ರ ನನ್ನನ್ನು ಗೋಡೆಯ ಹತ್ತಿರ ನಿಲ್ಲಿಸಿ, ದೂರ ಹೋಗಿ, ಮುದ್ರೆ ಹಿಡಿಯಲು ಹೇಳಿದರು. "ಈ ಚಿತ್ತಾರದಲ್ಲಿ ಮುದ್ರೆ ಏನೂ ಕಾಣುವುದಿಲ್ಲ," ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿ ಅವರದಲ್ಲ. ಆಮೇಲೆ ಉಮ್ಮನ ಕಡೆ ತಿರುಗಿದರು. "ಮದರಂಗಿಯ ಕೋನ್ ಇನ್ನೂ ಉಂಟಾ?"

"ಮನೆಯಲ್ಲಿ ಉಂಟು."

"ತರಿಸಿ. ಇವಳ ಅಂಗೈಯ ಚಿತ್ತಾರ ಮುಚ್ಚುವ ಹಾಗೆ ದೊಡ್ಡ ಬೊಟ್ಟು ತುಂಬಿಸಿ. ಉಳಿದ ಮಕ್ಕಳಿಗೂ ಹಾಕಿ. ಬೊಟ್ಟು ಮತ್ತು ಬೆರಳ ತುದಿ ನಾನು ಹೇಳಿದ ಹಾಗೆ. ಮುಂಗೈ ನಿಮ್ಮ ಇಷ್ಟ."

ಯಾವ ತಾಯಿಯೂ ಮಗಳನ್ನು ಮುಂದೆ ಬಿಡಲಿಲ್ಲ. ಆಗ ಮೂಲೆಯಿಂದ ಅಮ್ಮ ಬಂದು ಉಮ್ಮನ ಎದುರು ಕುಳಿತು, ಸೆರಗಿನೊಳಗಿನ ಕೈಯನ್ನು ಹೊರತೆಗೆದು ಚಾಚಿದರು. "ಕೋನ್ ಬಂದ ಮೇಲೆ ಮೊದಲು ನನಗೆ ಹಾಕಿ. ಮೀನಿನ ವಾಸನೆ ಉಂಟು, ಆಗ್ಬಹುದಾ?"

"ನಮ್ಮದೂ ಬಂದರಿನ ಮನೆಯೇ ಅಲ್ವಾ," ಎಂದು ಉಮ್ಮ ಕಣ್ಣೊರೆಸಿಕೊಂಡು ಆ ಕೈ ಹಿಡಿದರು.

ಗುರುಗಳು ಮರುದಿನ ಕಾರ್ಯಕ್ರಮ ಮುಗಿಯುವವರೆಗೆ ಕುಳಿತು, "ಅಲ್ತಾ ಎಲ್ಲಿ?" ಎಂದಷ್ಟೇ ಕೇಳಿ ಹೊರಟರು. ಮತ್ತೆಂದೂ ಬರಲಿಲ್ಲ. ಟೀಚರಿಗೆ ಅದು ಕೊನೆಯವರೆಗೂ ಕೊರಗು. ವರ್ಷಗಳ ಮೇಲೆ ಒಮ್ಮೆ ನಾನು ಕೇಳಿದಾಗ, "ಬೇಸರ ಉಂಟು, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಅಷ್ಟು ಕಷ್ಟದಲ್ಲಿ ಹತ್ತಿ ಬಂದವರನ್ನು ಇಳಿಸ್ಲಿಕ್ಕೆ ನನ್ನಿಂದ ಆಗ್ಲಿಲ್ಲ," ಎಂದರು. ಆ ಕ್ಲಾಸಿನಲ್ಲಿ ಮತ್ತೆ ಅಲ್ತಾ ಬಾಟಲಿ ತೆರೆದದ್ದನ್ನು ನಾನು ನೋಡಿಲ್ಲ.

ನಾನು ನಾಟ್ಯ ಬಿಟ್ಟು ಕೊಡಿಯಾಲ್‌ಬೈಲಿನ ಒಂದು ಆಫೀಸು ಸೇರಿದೆ. ಸಮೀರಾ ಮದುವೆಯಾಗಿ ದುಬೈಯಲ್ಲಿದ್ದಾಳೆ. ನಮ್ಮಿಬ್ಬರಿಂದ ಟೀಚರಿಗೆ ಹೆಸರೇನೂ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಸುದ್ದಿ ತಿಳಿದೊಡನೆ ಅಮ್ಮ ಫೋನ್ ಮಾಡಿದ್ದು ನನಗಲ್ಲ, ಉಮ್ಮನಿಗೆ. ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋಗಿ ಮುಖ ನೋಡಿ ಬಂದರು. ಸಂಜೆ ನಾನು ಬೋಳಾರದ ಮನೆ ತಲುಪಿದಾಗ ಅಡುಗೆಮನೆಯಲ್ಲಿ ಒಬ್ಬರನ್ನೊಬ್ಬರು ನೋಡದೆ ಕುಳಿತಿದ್ದರು.

"ಆ ದಿನ ಅವರು ಬೈದು ಕಳಿಸಿದ್ರೆ," ಎಂದರು ಉಮ್ಮ ನನಗೆ, "ಇವತ್ತು ಅಳ್ಲಿಕ್ಕೆ ನಾನು ಯಾರ ಮನೆಗೆ ಹೋಗ್ತಿದ್ದೆ?"

ಅಮ್ಮ ಎದ್ದು ಉಮ್ಮನ ತಣಿದ ಚಹಾವನ್ನು ಮತ್ತೆ ಬಿಸಿಗಿಟ್ಟರು.