ಹನ್ನೆರಡು ಗಂಟಿನ ಹಗ್ಗ

ಬೆಳಗಿನ ಆರೂಮುಕ್ಕಾಲು. ಪಿರಿಯಾಪಟ್ಟಣದಿಂದ ಹೊರಟ ಹಾಲಿನ ವ್ಯಾನು ಹಾರನಹಳ್ಳಿ ಹೋಬಳಿಯ ಈ ಸಣ್ಣ ಊರಿನ ಡೇರಿ ಮುಂದೆ ನಿಲ್ಲುತ್ತದೆ. ಡ್ರೈವರ್ ಪಕ್ಕದಿಂದ ಇಳಿದ ಪುಟ್ಟಲಕ್ಷ್ಮಿ, ಕ್ಯಾನು ಹಿಡಿದು ನಿಂತವರಿಗೆ ತಲೆಯಾಡಿಸಿ, ಮಾತಿಲ್ಲದೆ ಶಾಲೆಯ ಕಡೆ ನಡೆಯುತ್ತಾರೆ. ಬಸ್ಸಿಗೆ ಕಾದರೆ ಹತ್ತೂವರೆ ಆಗುತ್ತದೆ. ಅದಕ್ಕೇ ಶಾಲೆ ಶುರುವಾಗುವ ಮೂರು ತಾಸು ಮೊದಲೇ ಬಂದು ಗೇಟಿನ ಬೀಗ ತೆಗೆಯುತ್ತಾರೆ.

ಅಂಗಳ ಗುಡಿಸುತ್ತಾರೆ. ಡಬ್ಬಿಯಿಂದ ಸುಣ್ಣದ ಪುಡಿ ತೆಗೆದು ಕುಂಟೆಬಿಲ್ಲೆಯ ಮನೆಗಳನ್ನು ಬರೆಯುತ್ತಾರೆ. ಮನೆಗಳಲ್ಲಿ ಅಂಕಿಗಳಿಲ್ಲ, ಮಕ್ಕಳ ಹೆಸರುಗಳಿವೆ. ಬಿಲ್ಲೆ ಯಾರ ಮನೆಗೆ ಬೀಳುತ್ತದೋ ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿಯೇ ಕುಂಟಬೇಕು. ಅದು ಅವರು ಮಾಡಿದ ಕಾನೂನು.

"ಮಕ್ಳು ಬರೋಕ್ ಮುಂಚೇನೇ ಬರ್ದಿಟ್ಬುಡ್ಬೇಕು ಕಣ್ರೀ. ಅವ್ರ್ ಮುಂದೆ ಬರೆಯಾಕ್ ಕೂತ್ರೆ ಯಾರ್ ಎಸ್ರು ಮೊದ್ಲು ಅಂತ ಜಗ್ಳ" ಎನ್ನುತ್ತಾರೆ. ಇಷ್ಟು ಹೇಳಲು ಅವರಿಗೆ ಅರ್ಧ ನಿಮಿಷ ಬೇಕು. ಪುಟ್ಟಲಕ್ಷ್ಮಿಯವರಿಗೆ ತೊದಲು.

ಅವರಿಗೀಗ ನಲವತ್ತೊಂದು. ಹದಿನಾಲ್ಕು ವರ್ಷದಿಂದ ಅತಿಥಿ ಶಿಕ್ಷಕಿ. ಹುಟ್ಟಿದ್ದು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಬಳಿ. ತಂದೆ ಗೋವಿಂದಯ್ಯ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿ ಮಗಳನ್ನು ಟಿ.ಸಿ.ಎಚ್. ಓದಿಸಿದರು. ಶಾಲೆಯಲ್ಲಿ ಮಗಳ ಮಾತನ್ನು ಉಳಿದವರು ಅಣಕಿಸುತ್ತಿದ್ದರು. ಆಟಕ್ಕೆ ಕರೆಯುತ್ತಿರಲಿಲ್ಲ. "ಬಾಗ್ಲಲ್ ನಿಂತ್ಕೊಂಡು ನೋಡ್ತಿದ್ದೆ. ಒಂದಿನ ಒಬ್ಳು ಕಮ್ಮಿ ಬಿದ್ಲು ಅಂತ ಸೇರ್ಸ್ಕೊಂಡ್ರು. ಆಟ ಮುಗ್ಯೋಗಂಟ ತೊದ್ಲೇ ಬರ್ನಿಲ್ಲ. ಅವತ್ತೇ ಗೊತ್ತಾಯ್ತು."

ಇಂದಿಗೂ ಹಾಗೆಯೇ. ಮಕ್ಕಳ ನಡುವೆ ಹಾಡಿ ಕುಣಿಯುವಾಗ ಅವರ ನಾಲಗೆ ಎಲ್ಲೂ ತಡೆಯುವುದಿಲ್ಲ. ದೊಡ್ಡವರ ಎದುರು ಬಂದರೆ ಮೊದಲ ಅಕ್ಷರಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ತಾಲ್ಲೂಕಿನ ತರಬೇತಿ ಸಭೆಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರುತ್ತಾರೆ. ಎರಡು ಸಂಬಂಧಗಳು ಬಂದು, ಹುಡುಗಿಯ ಬಾಯಿಂದ ನಾಲ್ಕು ಮಾತು ಕೇಳಿ, ತಿರುಗಿ ಹೋದವು. ಪಿರಿಯಾಪಟ್ಟಣದ ಒಂದು ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಭಾನುವಾರ ಯಾರೊಂದಿಗೂ ಒಂದು ಮಾತೂ ಆಡದೆ ಸಂಜೆಯಾಗುವುದುಂಟು ಎನ್ನುತ್ತಾರೆ.

ಒಂದರಿಂದ ಮೂರನೇ ತರಗತಿಯ ಹನ್ನೊಂದು ಮಕ್ಕಳು ಈಗ ಅವರ ಕೈಯಲ್ಲಿದ್ದಾರೆ. ದಿನಕ್ಕೆ ನಲವತ್ತು ನಿಮಿಷ ಆಟ. ಮುಖ್ಯ ಶಿಕ್ಷಕ ನೀಲಕಂಠಸ್ವಾಮಿ ಮೊದಲು ಇದನ್ನು ಒಪ್ಪಿರಲಿಲ್ಲ. "ಪಾಠಾನೇ ಮುಗ್ದಿಲ್ಲ, ಇದೇನಮ್ಮ ಕುಣ್ತ ಅಂತ ಕೇಳಿದ್ದೆ" ಎಂದು ಅವರೇ ಹೇಳುತ್ತಾರೆ. "ಮುಂಚೆ ದಿನಾ ಏಳೆಂಟು ಮಕ್ಳು ಬಂದ್ರೆ ಹೆಚ್ಚು. ಹೊಗೆಸೊಪ್ಪು ಮುರಿಯೋ ಕಾಲ್ದಲ್ಲಿ ನಾಲ್ಕು. ಈಗ ಜ್ವರ ಇದ್ರೂ ಬತ್ತವೆ. ಆಮೇಲೆ ನಾನ್ಯಾಕ್ ಬಾಯಿ ಬಿಡ್ಲಿ?"

ಕಳೆದ ಜೂನ್‌ನಲ್ಲಿ ಮಕ್ಕಳು ಹನ್ನೆರಡು ಇದ್ದರು. ಹನ್ನೆರಡನೆಯವಳು ಅನುಶ್ರೀ, ಎರಡನೇ ತರಗತಿ. ತಾಯಿ ಭಾಗ್ಯ ಕೊಡಗಿನ ಕಾಫಿ ತೋಟದಲ್ಲಿ ಕೂಲಿ. ಮಗಳನ್ನು ಊರಿನಲ್ಲಿ ಅಜ್ಜಿ ಪುಟ್ಟಸಿದ್ದಮ್ಮನ ಬಳಿ ಬಿಟ್ಟು ಹೋಗಿದ್ದರು. ತೋಟದ ಲೈನ್ ಮನೆಗಳಲ್ಲಿ ಕೇರಳದ ಕೂಲಿಗಳ ನಡುವೆ ಬೆಳೆದ ಹುಡುಗಿಯ ಕನ್ನಡದಲ್ಲಿ ಮಲಯಾಳ ಬೆರೆತಿತ್ತು. ಮೊದಲ ದಿನವೇ ಮಕ್ಕಳು ನಕ್ಕರು. ಎರಡನೆಯ ದಿನದಿಂದ ಅವಳು ಬಾಯಿ ತೆರೆಯಲಿಲ್ಲ. ಬಂದಾಗ ಅವಳ ಕೈಯಲ್ಲಿ ಕಜ್ಜಿ ಇತ್ತು. ಅದು ವಾಸಿಯಾಗಿ ಎರಡು ತಿಂಗಳಾದರೂ ಆಟದಲ್ಲಿ ಅಕ್ಕಪಕ್ಕದವರು ಅವಳ ತೋಳಿನ ಬಟ್ಟೆಯ ತುದಿ ಹಿಡಿಯುತ್ತಿದ್ದರೇ ಹೊರತು ಕೈ ಹಿಡಿಯುತ್ತಿರಲಿಲ್ಲ.

"ಬೈದ್ ಕೈ ಇಡ್ಸ್ಬೋದಿತ್ತು" ಎನ್ನುತ್ತಾರೆ ಪುಟ್ಟಲಕ್ಷ್ಮಿ. "ನಾನ್ ಬೆನ್ ತಿರ್ಗ್ಸಿದ್ ತಕ್ಷಣ ಬುಟ್ಬುಡ್ತಿದ್ರು."

ಅವರು ಬೈಯಲಿಲ್ಲ. ಬಾವಿಯ ಹಳೆ ಹಗ್ಗವೊಂದನ್ನು ತಂದು, ಎರಡು ತುದಿ ಸೇರಿಸಿ, ಒಂದೊಂದು ಮಾರಿಗೆ ಒಂದರಂತೆ ಹನ್ನೆರಡು ಗಂಟು ಹಾಕಿದರು. ಮಕ್ಕಳು ಗಂಟು ಹಿಡಿದು ಸುತ್ತಬೇಕು. ಮಿಸ್ ಹಾಡು ನಿಲ್ಲಿಸಿದಾಗ ಎಲ್ಲರೂ ಒಟ್ಟಿಗೇ ಕೂರಬೇಕು. ಒಬ್ಬರು ಜಗ್ಗಿದರೆ ಎಲ್ಲರೂ ಬೀಳುತ್ತಾರೆ. ಯಾರನ್ನೂ ಮುಟ್ಟಬೇಕಾಗಿಲ್ಲ, ಯಾರನ್ನೂ ಬಿಡುವಂತೆಯೂ ಇಲ್ಲ. ಪ್ರತಿ ಶನಿವಾರ ಮಕ್ಕಳು ಹೋದ ಮೇಲೆ ಒಬ್ಬರೇ ಕೂತು ಗಂಟುಗಳನ್ನು ಬಿಚ್ಚಿ, ಒಂದು ಗೇಣು ಹತ್ತಿರ ತಂದು ಮತ್ತೆ ಕಟ್ಟುತ್ತಿದ್ದರು. ಮಕ್ಕಳಿಗೆ ತಿಳಿಯಲೇ ಇಲ್ಲ.

ಮಾತಿಗೆ ಬೇರೆ ದಾರಿ ಹುಡುಕಿದರು. ಪಟ್ಟಣದ ಬೇಕರಿಯ ಕೇರಳದವರನ್ನು ಕೇಳಿ ಮಲಯಾಳದ ಎಣಿಕೆ ಕಲಿತು ಬಂದರು. ಸುತ್ತು ಎಣಿಸುವಾಗ ಬೇಕೆಂದೇ ತಪ್ಪಿದರು. "ಒನ್ನು, ರಂಡು, ಮೂನ್ನು, ನಾಲು, ಆರು."

"ಅಂಜು, ಮಿಸ್."

ಎಲ್ಲರೂ ತಿರುಗಿ ನೋಡಿದರು. ಮೂರು ತಿಂಗಳಲ್ಲಿ ಅನುಶ್ರೀ ಆಡಿದ ಮೊದಲ ಮಾತು ಅದು. "ಅಂಜು ಅಂದ್ರೆ ಐದಾ?" ಎಂದು ಮೂರನೇ ತರಗತಿಯ ಶರತ್ ಕೇಳಿದ. ಅವಳು ತಲೆಯಾಡಿಸಿದಳು. ಅಂದಿನಿಂದ ಎಣಿಸುವ ಕೆಲಸ ಅವಳದಾಯಿತು.

ನವೆಂಬರ್‌ನ ಒಂದು ದಿನ ಪುಟ್ಟಲಕ್ಷ್ಮಿ ಹಗ್ಗವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದರು. ಮಕ್ಕಳು ಸುತ್ತ ನಿಂತು ಕೈ ನೋಡಿಕೊಂಡರು.

"ಅಗ್ಗ ಇಲ್ವಲ್ಲ ಮಿಸ್, ಏನ್ ಇಡ್ಕಳದು?" ಎಂದ ಶರತ್.

"ನೀವೇ ಯೋಚ್ನೆ ಮಾಡಿ" ಎಂದರು ಅವರು. ಶರತ್ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಪಕ್ಕದಲ್ಲಿದ್ದ ಅನುಶ್ರೀಯ ಕಡೆ ಚಾಚಿದ. "ಇಡ್ಕಳಮ್ಮಿ, ಒತ್ತಾಯ್ತದೆ." ಅವಳು ಹಿಡಿದಳು. ಆಟ ಶುರುವಾಯಿತು.

ಜನವರಿಯ ಒಂದು ಸೋಮವಾರ ಅನುಶ್ರೀ ಬರಲಿಲ್ಲ. ಮಂಗಳವಾರವೂ ಇಲ್ಲ. ಸಂಜೆ ಪುಟ್ಟಲಕ್ಷ್ಮಿ ಅವಳ ಮನೆಗೆ ಹೋದರು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟಸಿದ್ದಮ್ಮ ಕೂರಲು ಜಾಗ ಮಾಡಿದರು. ತನಗೆ ಮಂಡಿ ನೋವು, ಮಗುವನ್ನು ನೋಡಿಕೊಳ್ಳಲು ಆಗುತ್ತಿಲ್ಲ ಎಂದು ಹೇಳಿ ಕಳಿಸಿದ್ದಕ್ಕೆ, ಕಾಫಿ ಕುಯ್ಲು ನಡುವೆಯೇ ಭಾಗ್ಯ ಬಂದು ಕರೆದುಕೊಂಡು ಹೋಗಿದ್ದರು.

"ಬಂದಾಗ ಇಸ್ಕೂಲ್ಗೆ ಓಗಾಕಿಲ್ಲ ಅಂತ ಅಳೋಳು ಕಣವ್ವ" ಎಂದರಂತೆ ಅಜ್ಜಿ. "ಮೊನ್ನೆ ಬಸ್ ಅತ್ಸುವಾಗ ಇಸ್ಕೂಲ್ ಬುಟ್ಟು ಬರಾಕಿಲ್ಲ ಅಂತ ಅತ್ಲು."

ಪುಟ್ಟಲಕ್ಷ್ಮಿ ಅವರೆಕಾಯಿ ಮುಗಿಯುವವರೆಗೆ ಅಜ್ಜಿಯ ಜೊತೆ ಸುಲಿದು, ಕೊನೆಯ ಬಸ್ಸು ಹಿಡಿದರು. ಅನುಶ್ರೀ ಈಗ ತೋಟದ ಬಳಿಯ ಶಾಲೆಗೆ ಹೋಗುತ್ತಾಳಂತೆ. ಅಲ್ಲಿ ಅವಳ ಕೈ ಯಾರು ಹಿಡಿಯುತ್ತಾರೋ ಪುಟ್ಟಲಕ್ಷ್ಮಿಗೆ ಗೊತ್ತಿಲ್ಲ. ಇಲ್ಲಿನ ಮಕ್ಕಳು ಮಾತ್ರ ಇಂದಿಗೂ ಸುತ್ತನ್ನು ಮಲಯಾಳದಲ್ಲೇ ಎಣಿಸುತ್ತಾರೆ. ಯಾರೂ ಹಾಗೆ ಮಾಡಿ ಎಂದಿಲ್ಲ.

ಇನ್ನು ಕೆಲವೇ ವಾರ. ಪರೀಕ್ಷೆ ಮುಗಿದರೆ ಅತಿಥಿ ಶಿಕ್ಷಕರ ಕೆಲಸವೂ ಮುಗಿಯುತ್ತದೆ. ಜೂನ್‌ನಲ್ಲಿ ಎಲ್ಲಿಗೆ ಕರೆಯುತ್ತಾರೋ, ಕರೆಯುತ್ತಾರೋ ಇಲ್ಲವೋ ತಿಳಿಯದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳು ಸೇರಿ ಇದು ಅವರ ಒಂಬತ್ತನೆಯ ಶಾಲೆ. ಎಲ್ಲಿಯೂ ಎರಡು ವರ್ಷ ದಾಟಿದ್ದಿಲ್ಲ. ಕಾಯಂ ಕೆಲಸ ಬೇಕೇ ಎಂದರೆ ನಕ್ಕು ಅತ್ತ ನೋಡುತ್ತಾರೆ. ಮತ್ತೇನು ಬೇಕು ಎಂದರೆ ಒಂದೊಂದೇ ಪದ ಕೂಡಿಸಿ ಹೇಳುತ್ತಾರೆ:

"ಒಂದ್ನೇ ಕ್ಲಾಸ್ಗೆ ಅಳ್ಕೊಂಡ್ ಬಂದ ಒಂದ್ ಮಗೀನಾದ್ರೂ ಐದ್ನೇ ಕ್ಲಾಸ್ ಮುಗ್ಸ್ಕೊಂಡ್ ಗೇಟ್ ದಾಟದ್ನ ನಿಂತ್ಕೊಂಡ್ ನೋಡ್ಬೇಕು. ಇಲ್ಲೀಗಂಟ ಒಂದ್ನೂ ನೋಡಿಲ್ಲ ಕಣ್ರೀ."